ಅಗ್ನಿವೀರ್ ಪ್ಲಸ್ ಸೈಬರ್ ಸೆಕ್ಯುರಿಟಿ ಕಾಂಬೋ ಕೋರ್ಸ್: ಗ್ರೌಂಡ್‌ಗೆ ನಾಕು ಸ್ಟಾರ್, ಲ್ಯಾಬ್‌ಗೆ ಒಂದೂ ಭಾಳ ಆತು

ಮೊದಲ ಹೇಳಿಬಿಡ್ತೇನಿ, ಅಕಾಡೆಮಿ ಹೆಸರು ಇಲ್ಲಿ ಬರಿಯಂಗಿಲ್ಲ, ಫೀ ವಾಪಸ್ ಕೊಡೂ ಮಾತು ಇನ್ನೂ ನಡದೈತಿ, ಸುಮ್ನ ಯಾಕ ಜಗಳ. ಧಾರವಾಡದಾಗ ಕೋಚಿಂಗ್ ಕ್ಲಾಸಿಗೇನು ಬರಗಾಲ ಇಲ್ಲ, ಸಪ್ತಾಪುರದ ಓಣಿ ಹೊಕ್ರ ಸಾಕು ಕೆಎಎಸ್, ಪಿಎಸ್‌ಐ, ಬ್ಯಾಂಕಿಂಗ್, ಆರ್ಮಿ ಅಂತ ಬೋರ್ಡಿನ ಮ್ಯಾಲ ಬೋರ್ಡು. ಅದ್ರಾಗ ಈಗ ಈ ಹೊಸಾ ಕಾಂಬೋ ಬಂದೈತಿ, ಮುಂಜಾನೆ ಗ್ರೌಂಡ್, ಮಧ್ಯಾಹ್ನ ರಿಟನ್ ಟೆಸ್ಟ್ ಕ್ಲಾಸ್, ಸಂಜಿಕ ಸೈಬರ್ ಸೆಕ್ಯುರಿಟಿ ಲ್ಯಾಬ್, ಎಲ್ಲಾ ಸೇರಿ 38,000, ಹಾಸ್ಟೆಲ್ ಊಟ ಬ್ಯಾರೆ. ನಮ್ಮ ಅಕ್ಕನ ಮಗ ಪಿಯುಸಿ ಸೈನ್ಸ್ ಮುಗಿಸಿ ಅಗ್ನಿವೀರ್ ಟೆಕ್ನಿಕಲ್‌ಗೆ ತಯಾರಿ ನಡಸ್ಯಾನ, ಅವಂಗ ಈ ಪಾಂಪ್ಲೆಟ್ ಸಿಕ್ಕಿತ್ತು. ನಾ ಆರ್ಮಿಯ ಸಂಪರ್ಕ ವ್ಯವಸ್ಥಾ ನೋಡೂ ಸಿಗ್ನಲ್ಸ್ ಕೋರ್ ಒಳಗ ಸರ್ವಿಸ್ ಮುಗಿಸಿ ಬಂದಾವ, ಟ್ರೇನಿಂಗ್ ಜಬಲ್‌ಪುರದಾಗ ಆಗಿದ್ದು, ಹಂಗಾಗಿ ಅಕ್ಕ "ನೀ ಹೋಗಿ ಕೂತು ನೋಡಿ ಬಾರಪ್ಪಾ, ನಮಗೇನ್ ತಿಳಿತೈತಿ" ಅಂದ್ಲು. ಗಾರ್ಡಿಯನ್ ಅಂತ ಹೇಳಿ ಹಿಂದಿನ ಬೆಂಚಿನ್ಯಾಗ ಕೂಡಾಕ ಆಫೀಸ್ ಮೇಡಂ ಬಿಟ್ರು, ಅದಕ್ಕ ಅವರಿಗೆ ಥ್ಯಾಂಕ್ಸ್.

ಪಾಂಪ್ಲೆಟ್ ಒಳಗ ದೊಡ್ಡ ಅಕ್ಷರದಾಗ ಏನ್ ಇತ್ತಂದ್ರ, "ಸೇನೆಯಲ್ಲಿ ಲಕ್ಷ ಹುದ್ದೆ ಖಾಲಿ, ಸೈಬರ್ ಯೋಧರಿಗೆ ನೇರ ಅವಕಾಶ". ಇದ್ರಾಗ ಅರ್ಧಾ ಖರೇ ಐತಿ, ಅದಕ್ಕ ಜನಾ ನಂಬ್ತಾರ. ಕೊರೊನಾ ಟೈಮಿಗೆ ಎರಡು ವರ್ಷ ಭರ್ತಿ ರ್ಯಾಲಿ ಬಂದ್ ಇದ್ವು, ಆದ್ರ ರಿಟೈರ್ ಆಗೂದು ನಿಂದರ್ತೈತೇನ್ರಿ, ಪ್ರತಿ ವರ್ಷ ಜನಾ ಪೆನ್ಷನ್ ಹೋಗ್ತಾನ ಇದ್ರು, ಹಂಗಾಗಿ 2022ರ ಹೊತ್ತಿಗೆ ಆರ್ಮಿ ಒಂದ್ರಾಗನ 1 ಲಕ್ಷದ ಮ್ಯಾಲ ಕೊರತಿ ಅಂತ ಪಾರ್ಲಿಮೆಂಟ್‌ನ್ಯಾಗ ಸರ್ಕಾರನ ಹೇಳಿತ್ತು. ಆಮೇಲೆ ಅಗ್ನಿವೀರ್‌ರನ್ನ ತಗೊಳ್ಳೂ ಅಗ್ನಿಪಥ್ ಭರ್ತಿ ಯೋಜನೆ ಬಂತು, 2022ರ ಜೂನ್ 14ಕ್ಕ ಘೋಷಣೆ ಆತು. ಅಷ್ಟಾದ್ರೂ 2025ರಾಗ ಬಂದ ರಕ್ಷಣಾ ಸ್ಥಾಯಿ ಸಮಿತಿ ವರದಿ ಒಳಗ ಜೆಸಿಓ (ಸುಬೇದಾರ್‌ನಂಥಾ ಜೂನಿಯರ್ ಆಫೀಸರ್) ಮತ್ತ ಜವಾನರದು ಸೇರಿ ಸುಮಾರು 92 ಸಾವಿರ ಕಡಿಮಿ, ಅಂದ್ರ 7.7 ಪರ್ಸೆಂಟ್, ಆಫೀಸರ್‌ದು ಇನ್ನೂ ಮ್ಯಾಲ, 16.7 ಪರ್ಸೆಂಟ್. ಸೈಬರ್ ಕಡೆ ಕೇಸೂ ಏನ್ ಕಡಿಮಿ ಇಲ್ಲ, ಸೈಬರ್ ದಾಳಿ ನೋಡ್ಕೊಳ್ಳೂ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್ ಲೆಕ್ಕದಾಗ 2023ಕ್ಕ 15.9 ಲಕ್ಷ ಇನ್ಸಿಡೆಂಟ್, 2024ಕ್ಕ 20.4 ಲಕ್ಷ. ಹಂಗಾಗಿ ಕೊರತಿ ಇರೂದು ಸುಳ್ಳಲ್ಲ. ಆ ಕೊರತಿನ ತೋರಿಸಿ ಸೀಟು ಮಾರೂದು, ಅಲ್ಲಿ ಶುರು ಆಗತೈತಿ ತಕರಾರು.

"ನೇರ ಅವಕಾಶ" ಅಂತೂ ಪೂರಾ ಬೋಗಸ್. ಡಿಫೆನ್ಸ್ ಸೈಬರ್ ಏಜೆನ್ಸಿ ಅಂತ ಒಂದು ಐತಿ ಖರೇ, ಮೂರೂ ಪಡೆದು ಸೇರಿ ಮಾಡಿದ್ದು, 2019ಕ್ಕ ರಿಯರ್ ಅಡ್ಮಿರಲ್ ಮೋಹಿತ್ ಗುಪ್ತಾ ಅವರನ್ನ ಅದರ ಮೊದಲ ಮುಖ್ಯಸ್ಥರಂತ ನೇಮಿಸಿದ್ರು. 2023ರಾಗ ಆರ್ಮಿ ತನ್ನ ಕಮಾಂಡ್‌ಗಳಿಗೆ ಬ್ಯಾರೆ ಸೈಬರ್ ವಿಂಗ್ ಮಾಡೂ ನಿರ್ಧಾರನೂ ತಗೊಂಡೈತಿ. ಆದ್ರ ಅಲ್ಲಿಗೆ ಪಿಯುಸಿ ಹುಡುಗ ಫಾರ್ಮ್ ತುಂಬಿ ಹೋಗೂ ದಾರಿ ಇಲ್ಲ, ಅದಾಗಲೇ ಸರ್ವಿಸ್‌ನ್ಯಾಗ ಇದ್ದಾವರನ್ನ ಆರಿಸಿ ಕಳಸ್ತಾರ. ಅಗ್ನಿವೀರ್ ಒಳಗ ಇರೂದು ಜಿಡಿ (ಜನರಲ್ ಡ್ಯೂಟಿ), ಟೆಕ್ನಿಕಲ್, ಕ್ಲರ್ಕ್, ಟ್ರೇಡ್ಸ್‌ಮನ್, ಇಂಥಾವು. ಯಾವ ರೆಜಿಮೆಂಟ್, ಯಾವ ಯೂನಿಟ್ ಅನ್ನೂದು ಆರ್ಮಿ ನಿರ್ಧಾರ ಮಾಡತೈತಿ, ಅಕಾಡೆಮಿ ಸರ್ಟಿಫಿಕೇಟ್ ಅಲ್ಲ. ಇದನ್ನ ನಾ ಕೌಂಟರ್‌ನ್ಯಾಗ ಕೇಳಿದ್ರ ಮೇಡಂ ನಕ್ಕು "ಸರ, ಅದು ಮಾರ್ಕೆಟಿಂಗ್ ಟೀಮ್ ಹಾಕಿದ್ದು" ಅಂದ್ರು. ಪಾಂಪ್ಲೆಟ್ ಮಾತ್ರ ಹಂಗ ಹಂಚಾಕತ್ತಾರ.

ಇನ್ನೊಂದು ಲೆಕ್ಕ ಹುಡುಗ್ರಿಗೆ ಯಾರೂ ಹೇಳಂಗಿಲ್ಲ. ಅಗ್ನಿವೀರ್ ಸರ್ವಿಸ್ 4 ವರ್ಷ, ಟ್ರೇನಿಂಗ್ ಅದರೊಳಗನ. ಟ್ರೇನಿಂಗ್‌ಗ ಆರೇಳು ತಿಂಗಳ ಹೋತು ಅಂದ್ರ ಉಳಿಯೂದು ಮೂರುವರಿ ವರ್ಷದೊಳಗ. ಮೊದಲ ವರ್ಷ ತಿಂಗಳಿಗೆ 30,000, ಅದ್ರಾಗ 9,000 ನಿಧಿಗೆ ಕಟ್ಟಾಗಿ ಕೈಗೆ 21,000, ನಾಕನೇ ವರ್ಷ 40,000, ಕಡೀಗೆ ಸೇವಾ ನಿಧಿ ಸುಮಾರು 11.71 ಲಕ್ಷ, ನೂರಕ್ಕ 25 ಮಂದಿ ತನಕ ಕಾಯಂ ಇಟ್ಟಗೋತಾರ. ರೈಫಲ್ ಹಿಡಿದು ಪೋಸ್ಟಿನ್ಯಾಗ ನಿಂದ್ರೂ ಕೆಲಸಕ್ಕ ಈ ಮೂರುವರಿ ವರ್ಷ ನಡೀತೈತಿ ಅಂತ ಕೆಲವರು ವಾದಾ ಮಾಡ್ತಾರ, ಮಾಡ್ಲಿ. ನೆಟ್‌ವರ್ಕ್ ಕಾಯೂ ಕೆಲಸ ಹಂಗಲ್ರಿ. ಲಾಗ್, ಅಂದ್ರ ನೆಟ್‌ವರ್ಕಿನ್ಯಾಗ ಏನೇನ್ ನಡೀತು ಅನ್ನೂ ದಾಖಲಿ, ನೋಡಿ "ಇದು ದಿನಾ ಬರೂ ಟ್ರಾಫಿಕ್, ಇದು ಬ್ಯಾರೆ ಏನೋ ಐತಿ" ಅಂತ ಕಣ್ಣಿಗೆ ಬೀಳಾಕನ ಎರಡು ಮೂರು ವರ್ಷ ಬೇಕು, ಅದೂ ಒಂದ ಸಿಸ್ಟಮ್ ಮುಂದ ಕೂತ್ರ. ಆ ಕಣ್ಣು ಬರೂ ಹೊತ್ತಿಗೆ ಮುಕ್ಕಾಲು ಮಂದಿ ಮನಿಗೆ ಹೊಂಟಿರ್ತಾರ. ನಮ್ಮ ಟೈಮಿಗೆ ಸಿಗ್ನಲ್ಸ್‌ನ್ಯಾಗ ಒಬ್ಬ ಒಳ್ಳೆ ಮೆಕ್ಯಾನಿಕ್ ತಯಾರಾಗಬೇಕಂದ್ರ ಜಬಲ್‌ಪುರ ಮುಗಿಸಿ, ಯೂನಿಟ್ಟಿನ್ಯಾಗ ಉಸ್ತಾದನ ಕೈ ಕೆಳಗ ವರ್ಷಗಟ್ಟಲೆ ಬೈಸ್ಕೊಂಡು, ಆಮೇಲೆ ಮಧ್ಯಪ್ರದೇಶದ ಮ್ಹೌನ್ಯಾಗಿನ ಮಿಲಿಟರಿ ಟೆಲಿಕಾಂ ಕಾಲೇಜಿನ ಕೋರ್ಸಿಗೆ ಹೋಗಿ ಬರ್ತಿದ್ದ. ಅಷ್ಟು ಟೈಮ್ ಈಗಿನ ಹುಡುಗ್ರಿಗೆ ಸಿಗವಲ್ದು, ಅದು ಅವರ ತಪ್ಪಲ್ಲ. ಹಂಗಾಗಿ ಹೋಗೂದಕ್ಕ ಮೊದಲ ಹೊರಗ ಏನರ ಖರೇವಾಗಿ ಕಲಿತ್ರ ಉಪಯೋಗ ಐತಿ, 4 ವರ್ಷದ ನಂತರ ಹೊರಗ ಬಂದ್ರೂ ಪೊಲೀಸ್, ಬ್ಯಾಂಕು, ಕಂಪನಿ ಎಲ್ಲಾ ಕಡೆ ಇಂಥಾ ಹುಡುಗ್ರು ಬೇಕು. ಅಂದ್ರ ಕಾಂಬೋ ಅನ್ನೂ ಐಡಿಯಾ ಕೆಟ್ಟದಲ್ಲ. ನಡಸೂ ರೀತಿ ಕೆಟ್ಟೈತಿ.

ಒಳ್ಳೇದನ್ನ ಮೊದಲ ಹೇಳ್ತೇನಿ. ಗ್ರೌಂಡ್ ಟ್ರೇನಿಂಗ್ ಫಸ್ಟ್ ಕ್ಲಾಸ್. ಮುಂಜಾನೆ ಐದಕ್ಕ ಸೀಟಿ, ಗ್ರೌಂಡ್ ಸರ ಇನ್‌ಫೆಂಟ್ರಿಯಿಂದ ರಿಟೈರ್ ಆಗಿ ಬಂದಾವ್ರು, ಬೈಗುಳ ಇಲ್ಲ ಅಂತಲ್ಲ, ಆದ್ರ ಯಾರ ಮಣಕಾಲಿಗೆ ನೋವು ಐತಿ ಯಾರದು ನಾಟಕ ಅಂತ ಬರೇ ನಡಿಗಿ ನೋಡಿ ಹೇಳ್ತಾರ. 1.6 ಕಿಲೋಮೀಟರ್ ಓಟಕ್ಕ ಮೊದಲ ನಾನೂರು ಮೀಟರ್‌ನ್ಯಾಗ ಎಲ್ಲಾ ಹುಡುಗ್ರೂ ಪ್ರಾಣ ಬಿಡ್ತಾರ, ಇವರು ಅದನ್ನ ಬಿಡಿಸಿ ಲ್ಯಾಪ್ ಲೆಕ್ಕಾ ಹಾಕಿ ಓಡಸ್ತಾರ. ನಮ್ಮ ಹುಡುಗ ಐದೂವರಿ ನಿಮಿಷದೊಳಗ ಬರಾಕತ್ತಾನ. ಬೀಮ್ ಮ್ಯಾಲ ಹತ್ತು ಪುಲ್ಅಪ್ ಇನ್ನೂ ಆಗವಲ್ದು, ಏಳಕ್ಕ ಕೈ ಬಿಡ್ತಾನ. ಗಣಿತ ಸರನೂ ಛಲೋ ಕಲಸ್ತಾರ, ನೆಗೆಟಿವ್ ಮಾರ್ಕಿಂಗ್ ಇರೂದಕ್ಕ ಯಾವ ಪ್ರಶ್ನಿ ಬಿಡಬೇಕು ಅನ್ನೂದನ್ನ ಮೊದಲ ಹೇಳಿಕೊಡ್ತಾರ. 2023ರಿಂದ ಆನ್‌ಲೈನ್ ಪರೀಕ್ಷಾ ಮೊದಲು, ರ್ಯಾಲಿ ಆಮೇಲೆ, ಹಂಗಾಗಿ ಕಂಪ್ಯೂಟರ್ ಮ್ಯಾಲ ಮಾಕ್ ಟೆಸ್ಟ್ ಭಾಳ ಮುಖ್ಯ, ಅದನ್ನೂ ತಗೋತಾರ. 2025ರಿಂದ ಕನ್ನಡದಾಗೂ ಬರಿಯಾಕ ಬರತೈತಿ, ಹಳ್ಳಿ ಹುಡುಗ್ರಿಗೆ ದೊಡ್ಡ ಅನುಕೂಲ ಆಗೈತಿ. ಮೆಸ್ಸಿನ್ಯಾಗ ರೊಟ್ಟಿ ಪಲ್ಯಾ ತಕರಾರಿಲ್ಲ, ಚಾ ಮಾತ್ರ ನೀರು.

ಈಗ ಲ್ಯಾಬಿಗೆ ಬರೂಣು. ಎರಡನೇ ಮಾಳಗಿ, ಬಾಗಲದ ಮ್ಯಾಲ "ಸೈಬರ್ ವಾರ್ ರೂಮ್" ಅಂತ ಕೆಂಪು ಸ್ಟಿಕ್ಕರ್, ಒಳಗ ಹಳೇ ಡೆಸ್ಕ್‌ಟಾಪ್ ಸಾಲು. ಕೂತು ಸ್ಕ್ರೀನ್ ನೋಡಿದ್ರ ವಿಂಡೋಸ್ 7, ಬಲಗಡೆ ಕೆಳಗ ಈ ಕಾಪಿ ಅಸಲಿ ಅಲ್ಲ ಅನ್ನೂ ಮೆಸೇಜು. ವಿಂಡೋಸ್ 7ಕ್ಕ ಮೈಕ್ರೋಸಾಫ್ಟ್ 2020ರ ಜನವರಿಗೆ ಸೆಕ್ಯುರಿಟಿ ಅಪ್‌ಡೇಟ್ ನಿಲ್ಲಿಸೈತ್ರಿ! ವೈಟ್‌ಬೋರ್ಡಿನ ಮೂಲ್ಯಾಗ ವೈಫೈ ಪಾಸ್‌ವರ್ಡು, ಅದರ ಕೆಳಗ ಎಲ್ಲಾ ಪಿಸಿದು ಅಡ್ಮಿನ್ ಪಾಸ್‌ವರ್ಡು, ಎರಡೂ ಒಂದ, ಅಡ್ಮಿನ್ ಅಟ್ ಒನ್ ಟು ತ್ರೀ. ಅಳಿಸಬಾರದು ಅಂತ ಸುತ್ತಲೂ ಬಾಕ್ಸ್ ಬ್ಯಾರೆ ಹಾಕ್ಯಾರ. ಪಾಠ ಏನಂತ ನೋಡಿದ್ರ ಆವತ್ತಿನ ಸ್ಲೈಡು "ಸ್ಟ್ರಾಂಗ್ ಪಾಸ್‌ವರ್ಡ್ ಪಾಲಿಸಿ".

ಆಮೇಲೆ ಸರ ಒಂದು ಪೆನ್‌ಡ್ರೈವ್ ತಗದು "ಇದ್ರಾಗ ಟೂಲ್ಸ್ ಅದಾವ, ಎಲ್ಲಾರೂ ಕಾಪಿ ಮಾಡ್ಕೊಳ್ರಿ, ಆಂಟಿವೈರಸ್ ತಡೀತೈತಿ, ಅದನ್ನ ಆಫ್ ಮಾಡ್ರಿ" ಅಂದ್ರು. ಒಂದ ಪೆನ್‌ಡ್ರೈವ್ ಸಾಲಿನ ಈ ತುದಿಯಿಂದ ಆ ತುದಿಗೆ ಹೋತು, ಹಂಗ ಮೂರ್ನಾಕು ಹುಡುಗ್ರ ಸ್ವಂತ ಲ್ಯಾಪ್‌ಟಾಪಿಗೂ ಹೋತು. ನಂಗ ಕೂತಲ್ಲೇ ಬೆವರು ಬಂತು. ಯೂನಿಟ್ಟಿನ್ಯಾಗ ಇಂಟರ್ನೆಟ್ ಪಿಸಿ ಬ್ಯಾರೆ, ಆಫೀಸ್ ಪಿಸಿ ಬ್ಯಾರೆ, ಒಂದರ ಪೆನ್‌ಡ್ರೈವ್ ಇನ್ನೊಂದಕ್ಕ ಹಾಕಿದ್ದು ಚೆಕಿಂಗ್‌ನ್ಯಾಗ ಸಿಕ್ಕ್ರ ಸೀದಾ ಸಿಓ, ಅಂದ್ರ ಯೂನಿಟ್ಟಿನ ಕಮಾಂಡಿಂಗ್ ಆಫೀಸರ್ ಮುಂದ ಪೇಷಿ. ಸುಮ್ನ ಶಿಸ್ತಿಗೆ ಅಂತ ಮಾಡಿದ ರೂಲ್ ಅಲ್ಲ ಅದು. 2008ಕ್ಕ ಅಮೆರಿಕಾ ಮಿಲಿಟರಿ ನೆಟ್‌ವರ್ಕಿಗೆ ಏಜೆಂಟ್ ಬಿಟಿಜೆಡ್ ಅನ್ನೂ ವರ್ಮ್, ತಾನ ತಾನ ಹರಡೂ ವೈರಸ್‌ನಂಥಾದ್ದು, ಹೊಕ್ಕಿತ್ತು, ಮಿಡಲ್ ಈಸ್ಟ್ ಒಂದು ಬೇಸಿನ್ಯಾಗ ಯಾರೋ ಲ್ಯಾಪ್‌ಟಾಪಿಗೆ ಪೆನ್‌ಡ್ರೈವ್ ಹಾಕಿದ್ದಕ್ಕ. ತಗದು ಸ್ವಚ್ಛ ಮಾಡಾಕ ವರ್ಷದ ಮ್ಯಾಲ ಹಿಡೀತು, ಪೆನ್‌ಡ್ರೈವನ್ನ ಬ್ಯಾನ್ ಮಾಡಿದ್ರು, ಅವರ ಸೈಬರ್ ಕಮಾಂಡ್ ಅನ್ನೂದು ಹುಟ್ಟೂದಕ್ಕ ಈ ಘಟನೆನೂ ಒಂದು ದೊಡ್ಡ ಕಾರಣ. ನಮ್ಮಲ್ಲೂ 2012ಕ್ಕ ವಿಶಾಖಪಟ್ಟಣದ ಈಸ್ಟರ್ನ್ ನೇವಲ್ ಕಮಾಂಡ್ ಕಂಪ್ಯೂಟರಿನ್ಯಾಗ ಪೆನ್‌ಡ್ರೈವ್ ಮೂಲಕ ಬಗ್ ಹೊಕ್ಕಿತ್ತಂತ ಪೇಪರ್‌ನ್ಯಾಗ ಬಂದಿತ್ತು. ಸೈಬರ್ ಯೋಧರನ್ನ ತಯಾರು ಮಾಡ್ತೇವಿ ಅನ್ನಾವ್ರಿಗೆ ಇಷ್ಟರ ಗೊತ್ತಿರಬಾರದೇನ್ರಿ. ಕೇಳಿದೆ. "ಸರ, ಆಂಟಿವೈರಸ್ ಫಾಲ್ಸ್ ಅಲರ್ಟ್ ಕೊಡತೈತಿ" ಅಂದ್ರು. ಇರಬಹುದು, ಹ್ಯಾಕಿಂಗ್ ಟೂಲ್ ಕಂಡ್ರ ಆಂಟಿವೈರಸ್ ಕೂಗ್ತೈತಿ ಖರೇ, ಆದ್ರ ಅದಕ್ಕಂತನ ವರ್ಚುವಲ್ ಮಷೀನ್ ಅಂತ ಐತಲ್ಲ, ಬ್ಯಾರೆ ಡಬ್ಬಿ ಮಾಡಿ ಅದ್ರಾಗ ಓಡಸೂದು. ಆ ಪಿಸಿಗೆ ಇರೂ ರ್‍ಯಾಮ್‌ನ್ಯಾಗ ವರ್ಚುವಲ್ ಮಷೀನ್ ಎದ್ದ ನಿಂದ್ರಂಗಿಲ್ಲ ಅನ್ನೂದು ಬ್ಯಾರೆ ಮಾತು.

ಇದಕ್ಕಿಂತ ನಂಗ ಸಿಟ್ಟು ಬಂದಿದ್ದು ಪ್ರಾಕ್ಟಿಕಲ್ ನೋಡಿ. ಹುಡುಗ್ರಿಗೆ ಹೋಂವರ್ಕ್ ಏನ್ ಕೊಟ್ರಂದ್ರ, ಯಾವುದೋ ಕಾಲೇಜ್ ವೆಬ್‌ಸೈಟ್ ಲಾಗಿನ್ ಪೇಜ್ ಹಿಡಿದು ಅದನ್ನ ಬೈಪಾಸ್ ಮಾಡಿ ಸ್ಕ್ರೀನ್‌ಶಾಟ್ ಗ್ರೂಪಿಗೆ ಹಾಕ್ರಿ ಅಂತ. ಮಾಲಕರ ಪರ್ಮಿಷನ್ ಇಲ್ದನ ಇನ್ನೊಬ್ಬರ ಸಿಸ್ಟಮ್ ಹೊಕ್ಕೂದು ಐಟಿ ಆ್ಯಕ್ಟ್ 2000ರ ಸೆಕ್ಷನ್ 43ಕ್ಕ ಬರತೈತಿ, ಕೆಟ್ಟ ಉದ್ದೇಶ ಅಂತ ಆದ್ರ 66, ಮೂರು ವರ್ಷದ ತನಕ ಜೈಲು, ಐದು ಲಕ್ಷದ ತನಕ ದಂಡ. ಇದು ಎಂಥಾ ಹುಡುಗ್ರಿಗೆ ಹೇಳಾಕತ್ತಾರ ನೋಡ್ರಿ, ನಾಳೆ ಆರ್ಮಿ ಸೇರಾಕ ಪೊಲೀಸ್ ವೆರಿಫಿಕೇಶನ್, ಕ್ಯಾರೆಕ್ಟರ್ ಸರ್ಟಿಫಿಕೇಟ್ ಬೇಕಾಗಿರೂ ಹುಡುಗ್ರಿಗೆ! ಒಂದು ಎಫ್‌ಐಆರ್ ಬಿದ್ರ ಮುಂಜಾನೆ ಐದಕ್ಕ ಎದ್ದು ಓಡಿದ್ದೆಲ್ಲಾ ನೀರಾಗ ಹೋಮಾ. ನಮ್ಮ ಹುಡುಗ ಸಂಜಿಕ "ಮಾಮಾ, ನಾ ಹಾಕ್ಲೇನು?" ಅಂತ ಕೇಳಿದ. ಲ್ಯಾಪ್‌ಟಾಪ್ ಮುಚ್ಚಿ ಇಡು ಅಂದೆ. ಮರುದಿನ ಆಫೀಸಿಗೆ ಹೋಗಿ ಹೇಳಿದ ಮ್ಯಾಲ ಆ ಹೋಂವರ್ಕ್ ಮೆಸೇಜ್ ಡಿಲೀಟ್ ಆತು, ಅಷ್ಟರಾಗ ಎಷ್ಟ ಹುಡುಗ್ರು ಮಾಡಿ ನೋಡಿದ್ರೋ.

ಅದ ವಾಟ್ಸಾಪ್ ಗ್ರೂಪಿನ್ಯಾಗ ಇನ್ನೊಂದು ಪ್ರಕರಣ. ಅಡ್ಮಿಷನ್ ಟೈಮಿಗೆ ಆಧಾರ್, ಮಾರ್ಕ್ಸ್ ಕಾರ್ಡು, ಜಾತಿ ಸರ್ಟಿಫಿಕೇಟು, ಅಪ್ಪನ ಬ್ಯಾಂಕ್ ಪಾಸ್‌ಬುಕ್ಕು ಎಲ್ಲಾ ಗ್ರೂಪಿಗೇ ಹಾಕ್ರಿ, ಕ್ಲರ್ಕ್ ಇಳಿಸ್ಕೋತಾರ ಅಂತ ಹೇಳ್ಯಾರ, ಎಲ್ಲಾ ಹುಡುಗ್ರದೂ ಪಿಡಿಎಫ್ ಸಾಲಾಗಿ ಕುಂತಾವ. ಗ್ರೂಪಿನ್ಯಾಗ ಹಳೇ ಬ್ಯಾಚಿನಾವ್ರು, ಅವರ ದೋಸ್ತ್‌ರು, ಸಾಲಕ್ಕ ಲಿಂಕ್ ಹಾಕೂ ಒಂದು ನಂಬರು, ಎಲ್ಲಾ ಅದಾರ. ನಾ ಅಕ್ಕಗ ಹೇಳಿ ಹುಡುಗನ ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿಸಿದೆ, ಎಂಆಧಾರ್ ಆ್ಯಪಿನ್ಯಾಗನ ಆಗತೈತಿ, ಫುಕಟ್. ಬ್ಯಾರೆ ಪಾಲಕರೂ ಇದನ್ನ ಓದ್ತಿದ್ರ ಮಾಡ್ರಿ, ಮತ್ತ ಎಲ್ಲಿ ಆಧಾರ್ ಕೇಳಿದ್ರೂ ನಡಿಯೂದಾದ್ರ ಮಾಸ್ಕ್ ಮಾಡಿದ, ಅಂದ್ರ ಮೊದಲಿನ ಅಂಕಿ ಮುಚ್ಚಿದ ಕಾಪಿ ಕೊಡ್ರಿ.

ಕಲಸೂ ಸರನ ಬಗ್ಗೆ ಒಂದು ಮಾತು, ಯಾಕಂದ್ರ ಅವರಿಗೆ ಬೈದು ಬಿಟ್ರ ಅನ್ಯಾಯ ಆಗತೈತಿ. ಬಿಸಿಎ ಮುಗಿಸಿದ ಹುಡುಗ, ಪಾಪ, ಮಾತಿಗೆ ಕೂತಾಗ ಹೇಳಿದ, ಅವಂಗ ತಿಂಗಳಿಗೆ ಕೊಡೂದು ಹಾಸ್ಟೆಲ್ ಅಡಗಿಯವ್ರಿಗಿಂತ ಸ್ವಲ್ಪ ಹೆಚ್ಚು. ನಿಜವಾಗಿ ಬಲ್ಲಾವ್ರನ್ನ ಬೆಂಗಳೂರ ಕಂಪನಿಗಳು ಎತ್ಕೊಂಡು ಹೋಗ್ತಾವ, ಸಪ್ತಾಪುರದ ಎರಡನೇ ಮಾಳಗಿಗೆ ಯಾರ ಬರ್ತಾರ? ಸರ್ಕಾರಕ್ಕೂ ಇದ ತೊಂದ್ರಿ. 2013ರ ರಾಷ್ಟ್ರೀಯ ಸೈಬರ್ ಸೆಕ್ಯುರಿಟಿ ಪಾಲಿಸಿ ಒಳಗ ಐದು ವರ್ಷದಾಗ 5 ಲಕ್ಷ ಮಂದಿಯನ್ನ ತಯಾರು ಮಾಡ್ತೇವಿ ಅಂತ ಬರದಿದ್ರು. ಮಂದಿ ತಯಾರಾಗಬೇಕಂದ್ರ ಕಲಸಾವ್ರು ಬೇಕು, ಕಲಸಾವ್ರಿಗೆ ಪಗಾರ ಬೇಕು, ಆ ಪಗಾರ ಕಂಪನಿ ಕೊಡತೈತಿ, ಕಾಲೇಜೂ ಕೊಡಂಗಿಲ್ಲ, ಸರ್ಕಾರಿ ಸ್ಕೇಲೂ ಕೊಡಂಗಿಲ್ಲ. ಸೈನ್ಯದಾಗೂ ಒಬ್ಬ ಜಾಣ ಜೆಸಿಓ ನೆಟ್‌ವರ್ಕ್ ಕೆಲಸದಾಗ ಪಳಗಿದ ಅನ್ನೂದ್ರಾಗ ಪೋಸ್ಟಿಂಗ್ ಬರತೈತಿ, ಬ್ಯಾರೆ ಕಡೆ ಬ್ಯಾರೆ ಕೆಲಸ, ನಾನ ಕಣ್ಣಾರೆ ನೋಡೇನಿ. ತಲಿ ಎಣಿಸಿ ಕೊರತಿ ತುಂಬಬಹುದು, ಅನುಭವದ ಕೊರತಿ ಹಂಗ ತುಂಬಾಕ ಬರಂಗಿಲ್ಲ.

ಸಿಲೆಬಸ್ ನೋಡಿದ್ರೂ ಅದ ಹಣೇಬರಹ. ಡಾರ್ಕ್ ವೆಬ್ ಅಂದ್ರೇನು, ವಾಟ್ಸಾಪ್ ಹ್ಯಾಕ್ ಆಗತೈತೇನು, 2025ರ ಮೇ ತಿಂಗಳಾಗ ಆಪರೇಷನ್ ಸಿಂಧೂರ ಟೈಮಿಗೆ ಓಡಾಡಿದ "ಡ್ಯಾನ್ಸ್ ಆಫ್ ದ ಹಿಲರಿ" ಅನ್ನೂ ವೈರಸ್ ಎಚ್ಚರಿಕಿ ಫಾರ್ವರ್ಡು, ಇಂಥಾದ್ದಕ್ಕ ಒಂದೊಂದು ಕ್ಲಾಸು. ಬ್ಯಾಕಪ್ ಬಗ್ಗೆ ಒಂದ ಸ್ಲೈಡು! 2022ರ ನವೆಂಬರ್ 23ಕ್ಕ ದಿಲ್ಲಿ ಏಮ್ಸ್ ಆಸ್ಪತ್ರಿ ಮ್ಯಾಲ ಸೈಬರ್ ದಾಳಿ ಆದಾಗ ಏನಾತು ಅನ್ನೂದನ್ನ ಒಂದ ವಾರ ಕಲಿಸಿದ್ರೂ ಇವರಿಗೆ ಸಾಕಿತ್ತು. ಐದು ಸರ್ವರ್, ಸುಮಾರು 1.3 ಟಿಬಿ ಡೇಟಾ ಲಾಕ್, ಓಪಿಡಿ ಚೀಟಿ ಕೈಯಾಗ ಬರಿಯೂ ಪರಿಸ್ಥಿತಿ ಬಂತು, ಸುಧಾರಿಸಾಕ ಎರಡು ವಾರದಷ್ಟು ಹಿಡೀತು, ಮತ್ತ ಕಾರಣ ಏನಂತ ಪಾರ್ಲಿಮೆಂಟಿನ್ಯಾಗ ಹೇಳಿದ್ರು ಅಂದ್ರ ನೆಟ್‌ವರ್ಕ್ ಸರಿಯಾಗಿ ಭಾಗ ಮಾಡಿರಲಿಲ್ಲ. ಒಂದು ಕೋಣಿಗೆ ಕಳ್ಳ ಹೊಕ್ಕ್ರ ಇಡೀ ಮನಿ ಸಿಕ್ಕಂಗ. ಅದಕ್ಕ ಉಲ್ಟಾ ತಮಿಳುನಾಡಿನ ಕೂಡಂಕುಲಂ ಅಣು ವಿದ್ಯುತ್ ಸ್ಥಾವರ, 2019ಕ್ಕ ಅಲ್ಲಿ ಮಾಲ್‌ವೇರ್ (ಹಾಳು ಮಾಡೂ ಸಾಫ್ಟ್‌ವೇರ್) ಸಿಕ್ಕಿದ್ದು ಆಡಳಿತದ ಕಡೆ ಇಂಟರ್ನೆಟ್ ಇದ್ದ ಪಿಸಿ ಒಳಗ, ರಿಯಾಕ್ಟರ್ ನಡಸೂ ನೆಟ್‌ವರ್ಕ್ ಬ್ಯಾರೇನ ಇಟ್ಟಿದ್ರು ಅಂತ ಅದನ್ನ ನಡಸೂ ಸರ್ಕಾರಿ ಕಂಪನಿ ಎನ್‌ಪಿಸಿಐಎಲ್ ಹೇಳಿತು. ಎರಡೂ ಪಕ್ಕದಾಗ ಇಟ್ಟು ಕಲಿಸಿದ್ರ ಹುಡುಗ್ರಿಗೆ ದೇಶ ತಯಾರಿರೂದು ಅಂದ್ರೇನು ಅಂತ ತಿಳೀತಿತ್ತು. ಹಂಗ 2022ರ ಏಪ್ರಿಲ್ 28ರ ಸರ್ಟ್-ಇನ್ ಆದೇಶ, ಘಟನೆ ಗೊತ್ತಾದ 6 ಗಂಟೆ ಒಳಗ ತಿಳಿಸಬೇಕು, ಲಾಗ್‌ಗಳನ್ನ 180 ದಿನ ಇಡಬೇಕು, ಇದನ್ನ ಕೇಳಿದ್ರ ಆ ಸರಗ ಗೊತ್ತಿರಲಿಲ್ಲ. ಕೆಲಸಕ್ಕ ಸೇರಿದ ಮೊದಲ ದಿನದಿಂದ ಬೇಕಾಗೂದು ಇದ ನೋಡ್ರಿ.

ಹಂಗಾದ್ರ ಏನ್ ಮಾಡಬೇಕು ಅಂತ ಕೇಳಾವ್ರಿಗೆ, ನಾ ನಮ್ಮ ಹುಡುಗಗ ಹಚ್ಚಿದ್ದು ಹೇಳ್ತೇನಿ, ಎಲ್ಲಾ ಪುಕ್ಸಟ್ಟೆನ ಅದಾವ. ಸರ್ಟ್-ಇನ್ ನಡಸೂ ಸೈಬರ್ ಸ್ವಚ್ಛತಾ ಕೇಂದ್ರ, 2017ರ ಫೆಬ್ರುವರಿಗೆ ಶುರು ಆಗಿದ್ದು, ಅಲ್ಲಿ ಬಾಟ್, ಅಂದ್ರ ನಮ್ಮ ಕಂಪ್ಯೂಟರನ್ನ ಗುಪ್ತವಾಗಿ ಬ್ಯಾರೆಯವರ ಹಿಡಿತಕ್ಕ ಕೊಡೂ ಪ್ರೋಗ್ರಾಂ, ತಗಿಯೂ ಟೂಲ್ ಸಿಗ್ತಾವ, ಕ್ವಿಕ್ ಹೀಲ್, ಇಸ್ಕ್ಯಾನ್, ಕೆ7 ಕಂಪನಿಯವು, ಮತ್ತ ಪೆನ್‌ಡ್ರೈವ್ ಹತೋಟಿಗೆ ಯುಎಸ್‌ಬಿ ಪ್ರತಿರೋಧ್ ಅಂತ ಸರ್ಕಾರಿ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್‌ದು. ಆ ಲ್ಯಾಬ್ ಪೆನ್‌ಡ್ರೈವ್ ಮುಟ್ಟಿದ ಹುಡುಗನ ಲ್ಯಾಪ್‌ಟಾಪ್ ಮೊದಲ ಇವುಗಳಿಂದ ಸ್ಕ್ಯಾನ್ ಮಾಡಿಸಿದೆ, ಎರಡು ಸಿಕ್ವು, ತಗದ ಒಗದ್ವಿ. ನಿಮ್ಮ ಮೊಬೈಲಿಗೂ ಕಂಪನಿಯಿಂದ "ಸರ್ಟ್-ಇನ್, ಸ್ಟೇ ಸೈಬರ್ ಸೇಫ್" ಅಂತ ಎಸ್ಸೆಮ್ಮೆಸ್ ಬಂದಿರತೈತಿ, ಜನಾ ಅದನ್ನ ಮೋಸ ಅಂತ ತಿಳಿದು ಅಳಸ್ತಾರ, ಅದು ಇದ ಕೇಂದ್ರದ್ದು. ಆದ್ರೂ ಮೆಸೇಜಿನ್ಯಾಗಿನ ಲಿಂಕ್ ಒತ್ತಬ್ಯಾಡ್ರಿ, ಸಿಎಸ್‌ಕೆ ಡಾಟ್ ಜಿಓವಿ ಡಾಟ್ ಇನ್ ಅಂತ ನೀವ ಟೈಪ್ ಮಾಡ್ಕೊಂಡು ಹೋಗ್ರಿ.

ಕಲಿಯಾಕ, ಎನ್‌ಪಿಟಿಇಎಲ್ ಅನ್ನೂ ಆನ್‌ಲೈನ್ ಪಾಠದ ಸೈಟ್ ಒಳಗ ನೆಟ್‌ವರ್ಕಿಂಗ್ ಪಾಠ ಐಐಟಿಯವರದ, ನೋಡಾಕ ರೊಕ್ಕ ಇಲ್ಲ, ಪರೀಕ್ಷಾ ಬರೀತೇನಿ ಅಂದ್ರ ಅಷ್ಟ ಫೀ. ಸಿಸ್ಕೋ ನೆಟ್‌ವರ್ಕಿಂಗ್ ಅಕಾಡೆಮಿದು ಇಂಟ್ರೊಡಕ್ಷನ್ ಕೋರ್ಸ್ ಫ್ರೀ. ಕೈ ಕೆಲಸಕ್ಕ ಓವರ್ ದ ವೈರ್ ಅನ್ನೂ ಸೈಟಿನ್ಯಾಗ ಬ್ಯಾಂಡಿಟ್ ಅಂತ ಒಂದು ಆಟ ಐತಿ, ಲಿನಕ್ಸ್ ಕಮಾಂಡ್ ಹೊಡದು ಒಂದೊಂದ ಲೆವೆಲ್‌ನ ಪಾಸ್‌ವರ್ಡ್ ಹುಡುಕೂದು, ಅವರ ಪರ್ಮಿಷನ್ ಕೊಟ್ಟು ಒಡೀರಿ ಅಂತ ಇಟ್ಟಿದ್ದು, ಯಾರ ಕಾಲೇಜಿನ ಬಾಗಲಾನೂ ಮುರಿಯೂ ಗರಜ್ ಇಲ್ಲ. ನಮ್ಮ ಹುಡುಗ ರಾತ್ರಿ ಊಟಾ ಆದ ಮ್ಯಾಲ ಅದರ ಮುಂದ ಕೂಡ್ತಾನ, ಹನ್ನೆರಡನೇ ಲೆವೆಲ್‌ನ್ಯಾಗ ಸಿಕ್ಕೊಂಡು "ಮಾಮಾ, ಈ ಫೈಲ್ ಎಷ್ಟ ಸಲ ಬಿಚ್ಚಿದ್ರೂ ಒಳಗ ಇನ್ನೊಂದು ಜಿಪ್ ಐತಿ" ಅಂತ ಬೈಯಾಕತ್ತಿದ್ದ. ನಾ ಹೇಳಿಕೊಡ್ಲಿಲ್ಲ. ಖರೇ ಹೇಳ್ಬೇಕಂದ್ರ ನಂಗೂ ಬರ್ತಿರಲಿಲ್ಲ, ನಮ್ಮ ಕಾಲದ್ದು ರೇಡಿಯೋ ಸೆಟ್ಟು, ಎಕ್ಸ್‌ಚೇಂಜು, ಕೇಬಲ್ ಎಳಿಯೂದು. ಎರಡು ರಾತ್ರಿ ತಿಣುಕಿ ಅವನ ಬಿಡಿಸಿದ.

ರೇಟಿಂಗ್: ಗ್ರೌಂಡ್ ಮತ್ತ ಗಣಿತಕ್ಕ ನಾಕು, ಮೆಸ್ಸಿಗೆ ಮೂರು, ಸೈಬರ್ ಲ್ಯಾಬಿಗೆ ಒಂದು, ಅದೂ ಆ ಮಾಸ್ತರ್ ಹುಡುಗನ ಪ್ರಾಮಾಣಿಕತನಕ್ಕ. ಬರೇ ಫಿಸಿಕಲ್ ಮತ್ತ ರಿಟನ್‌ಗೆ ಸೇರಸೂದಾದ್ರ ಕಣ್ಣು ಮುಚ್ಚಿ ಸೇರಸ್ರಿ, 22,000 ಆಗತೈತಿ, ಚೌಕಾಸಿ ಮಾಡಿದ್ರ ಇನ್ನೂ ಇಳಸ್ತಾರ. ಕಾಂಬೋ ಬ್ಯಾಡ. ನಾವು ಸೈಬರ್ ಭಾಗದ 16,000 ವಾಪಸ್ ಕೇಳೀವಿ, ಬರವಣಿಗಿನ್ಯಾಗ ಕೊಟ್ಟೀವಿ, ಮ್ಯಾನೇಜರ್ ಸರ "ಮುಂದಿನ ಬ್ಯಾಚಿಗೆ ಅಡ್ಜಸ್ಟ್ ಮಾಡ್ತೇವಿ" ಅನ್ನಾಕತ್ತಾರ, ನಾ "ಹುಡುಗ ಒಬ್ಬನ ಅದಾನ್ರಿ, ಮುಂದಿನ ಬ್ಯಾಚಿಗೆ ಯಾರನ್ನ ಕಳಸ್ಲಿ" ಅಂತ ಕೇಳೇನಿ. ಗ್ರೂಪಿನ್ಯಾಗಿನ ಆಧಾರ್ ಪಿಡಿಎಫ್ ಎಲ್ಲಾ ತಗೀರಿ ಅಂದದ್ದಕ್ಕ ಮಾತ್ರ ಒಪ್ಯಾರ, ನಿನ್ನೆ ನೋಡಿದಾಗ ಅರ್ಧಾ ಹೋಗಿದ್ವು. ರೊಕ್ಕ ಬಂದ್ರ ಇದ ರಿವ್ಯೂ ಕೆಳಗ ಹಾಕ್ತೇನಿ.